ಹಿತ್ತಲಿನ ಚೀಟಿ

ಸೋಮವಾರ ಬಂತೆಂದರೆ ಬೈಂಡರನ ಬಲಗೈ ಹೆಬ್ಬೆರಳು ಅವನಿಗಿಂತ ಮೊದಲೇ ಎದ್ದುಬಿಡುತ್ತಿತ್ತು. ಅವನು ಕಣ್ಣು ಬಿಡುವ ಹೊತ್ತಿಗೆ ಅದು ತೋರುಬೆರಳನ್ನು ಜೊತೆಗೆ ಹಾಕಿಕೊಂಡು ಹೊದಿಕೆಯ ಅಂಚನ್ನು ಉಜ್ಜುತ್ತ, ಎಳೆ ಉದ್ದಕ್ಕೆ ಓಡಿದೆಯೋ ಅಡ್ಡಕ್ಕೆ ಓಡಿದೆಯೋ ಅಂತ ನೋಡುತ್ತ ಇರುತ್ತಿತ್ತು. ಮೂವತ್ತು ವರ್ಷ ಕಾಗದ ಮಡಿಚಿದ ಬೆರಳು, ಅದಕ್ಕೆ ಬುದ್ಧಿ ಹೇಳೋರು ಯಾರು? ಇವತ್ತು ಅವನು ಆ ಕೈಯನ್ನು ಬೆನ್ನಿನ ಕೆಳಗೆ ಹಾಕಿಕೊಂಡು, ಗಾರೆ ಉದುರಿದ ಸೂರನ್ನು ನೋಡುತ್ತ ಸುಮ್ಮನೆ ಬಿದ್ದುಕೊಂಡ. ಮೈಯೆಲ್ಲ ಯಾರೋ ಹಿಂಡಿ ಒಣಹಾಕಿದ ಹಾಗಿತ್ತು. ಜ್ವರವೂ ಅಲ್ಲ, ನೋವೂ ಅಲ್ಲ. ರಜ ಹಾಕೋಣ ಅಂದರೆ ವಾರದ ಕೆಲಸ ಹಂಚುವ ಚೀಟಿ ಕತ್ತರಿಸುವುದು ಅವನ ಕೆಲಸ, ಅವನು ಹೋಗದೆ ಸೋಮವಾರದ ಸಭೆ ಶುರುವಾಗುವುದಿಲ್ಲ. ಆ ಒಂದು ವಿಷಯಕ್ಕೆ ತಾನಿಲ್ಲದೆ ನಡೆಯುವುದಿಲ್ಲ ಅನ್ನುವ ಹೆಮ್ಮೆಯೂ ಒಂದು ಕಾಲಕ್ಕೆ ಇತ್ತು ಅವನಿಗೆ. ಈಗ ಅದನ್ನು ನೆನೆದರೆ ಬಾಯಿ ಕಹಿಯಾಗುತ್ತದೆ.

“ಏಳ್ರೀ, ಗಂಟೆ ಏಳಾಯ್ತು,” ಅಂದಳು ಹೆಂಡತಿ, ಒಲೆಯ ಮುಂದೆ ಕೂದಲು ಗಂಟು ಹಾಕಿಕೊಳ್ಳುತ್ತ. ಅವಳಿಗೆ ಬೀದಿಯ ಸಾಮೂಹಿಕ ಅಡುಗೆಮನೆಯಲ್ಲಿ ಕೆಲಸ, ಎಂಟಕ್ಕೆಲ್ಲ ಅಲ್ಲಿರಬೇಕು. “ನಿಮ್ಮ ಪ್ರೆಸ್ಸಿನ ದೊಡ್ಡಕ್ಕ ನಿನ್ನೆ ಊಟಕ್ಕೆ ಬಂದಿದ್ಳು. ತಟ್ಟೆ ಹಿಡ್ಕೊಂಡು ಮೂರೇ ಮೂರು ಮೆಟ್ಟಿಲು ಹತ್ತೋಕೆ ಎರಡು ಸಲ ನಿಂತ್ಳು ಕಣ್ರೀ. ಮೊಣಕಾಲು ಹೀಗೆ ಊದ್ಕೊಂಡಿದೆ. ಈ ವಾರಾನೂ ಆ ಹಿತ್ತಲಿನ ಚೀಟಿ ಬಂದ್ರೆ ಒಲ್ಲೆ ಅಂತೀನಿ ಅಂತಿದ್ಳು.” ಒಲ್ಲೆ ಅಂದರೆ ಸದಸ್ಯತ್ವ ಹೋಗುತ್ತದೆ, ನಿಯಮ ಹಾಗಿದೆ, ಅಂದ ಬೈಂಡರ್, ಗೋಡೆಯ ಕಡೆ ತಿರುಗಿ. “ಹೋದ್ರೆ ಊಟದ ಕಾರ್ಡೂ ಹೋಗುತ್ತೆ, ಇರೋ ಕೋಣೇನೂ ಹೋಗುತ್ತೆ. ಆ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾಳೆ? ಮಗ ತೀರಿಕೊಂಡಿದ್ದಾನೆ, ಮನೇಲಿ ಸೊಸೆ ಒಬ್ಬಳು. ಅದೇನು ಹಣೆಬರಹಾನೋ, ಹತ್ತೊಂಬತ್ತು ಜನದಲ್ಲಿ ಹುಡುಕ್ಕೊಂಡು ಬಂದು ಅವಳ ಕೈಗೇ ಬೀಳುತ್ತೆ,” ಅಂದಳು ಅವಳು. ಅವನು ಎದ್ದು ಕೂತ. ಹೇಳಿಬಿಡಲೇ ಅನ್ನಿಸಿತು. ಹೇಳುವ ಬದಲು, “ನೀನು ಅವಳಿಗೆ ಬಡಿಸುವಾಗ ಸೌಟು ತಳಕ್ಕೆ ಹಾಕ್ತೀಯೋ ಇಲ್ವೋ?” ಅಂತ ಕೇಳಿದ. ಹೆಂಡತಿ ನಕ್ಕಳು. “ತಳದ ಕಾಳು ಯಾರಿಗೆ ಹೋಗುತ್ತೆ ಅಂತ ಗೊತ್ತಿಲ್ದೆ ಇರೋ ಹಾಗೆ ಕೇಳ್ತೀರಲ್ಲ. ಭಟ್ಟಿ ನೋಡ್ಕೊಳ್ಳೋಳ ಗೆಳತೀರಿಗೆ. ಮಿಕ್ಕೋರಿಗೆ ಮೇಲಿನ ನೀರು. ನಾನು ಬೇರೆ ಥರ ಬಡಿಸಿದ್ರೆ ನಾಳೆ ನನ್ನನ್ನೇ ಪಾತ್ರೆ ತಿಕ್ಕೋಕೆ ಕೂರಿಸ್ತಾರೆ.” ಇಷ್ಟು ಹೇಳಿ ಅವಳು ಆರಾಮಾಗಿ ಚಹಾ ಸೋಸಿದಳು. ಒಂದಿಷ್ಟೂ ಅಳುಕಿಲ್ಲ. ಅವಳ ಆ ನೆಮ್ಮದಿ ಕಂಡು ಬೈಂಡರನಿಗೆ ಹೊಟ್ಟೆಕಿಚ್ಚಾಯಿತು.

ಮುದ್ರಣಾಲಯದ ಮಾಲೀಕ ಹೋಗಿ ಹದಿನೈದು ವರ್ಷ. ಊರಿನ ಎಲ್ಲ ಮಾಲೀಕರೂ ಆ ವರ್ಷವೇ ಹೋದರು, ದೇಶಕ್ಕೆ ದೇಶವೇ ಎಲ್ಲರದಾಯಿತು. ಮಾಲೀಕನ ಕುರ್ಚಿಯನ್ನು ಅವತ್ತೇ ಅಂಗಳಕ್ಕೆ ಎಳೆದು ತಂದು ಒಡೆದು ಅಂಟು ಕಾಯಿಸುವ ಒಲೆಗೆ ಹಾಕಿದ್ದರು. ಇನ್ನುಮೇಲೆ ಯಾರೂ ಯಾರಿಗಿಂತ ಎತ್ತರದಲ್ಲಿ ಕೂರಬಾರದು ಅಂತ ಮಿಕ್ಕ ಕುರ್ಚಿಗಳನ್ನೂ ಶಾಲೆಗೆ ಕೊಟ್ಟರು. ಆವತ್ತು ಬೈಂಡರ್ ಅತ್ತಿದ್ದ, ಸುಳ್ಳಲ್ಲ. ಪಕ್ಕದಲ್ಲಿ ದೊಡ್ಡಕ್ಕ ಸೀಮೆಎಣ್ಣೆ ವಾಸನೆಯ ಸೆರಗಿನಿಂದ ಅವನ ಮುಖ ಒರೆಸಿ, “ಅಳಬಾರದು ತಮ್ಮಾ, ಇವತ್ತು ನಗೋ ದಿನ,” ಅಂದಿದ್ದಳು. ಎಲ್ಲರಿಗೂ ಒಂದೇ ಊಟದ ಕಾರ್ಡು, ಒಂದೇ ಬೂದು ಅಂಗಿ, ಒಂದೇ ಅಳತೆಯ ಕೋಣೆ. ಕೊಳಕು ಕೆಲಸ ಯಾರ ಹಣೆಗೂ ಅಂಟಬಾರದು ಅಂತ ವಾರವಾರ ಚೀಟಿ ಎತ್ತುವ ಪದ್ಧತಿ. ಅಚ್ಚಿನ ಕೆಲಸ ಅವರವರದು, ಅದರ ಮೇಲೆ ವಾರಕ್ಕೊಂದು ಮೈಮುರಿಯುವ ಕೆಲಸ ಚೀಟಿಯಲ್ಲಿ ಬಂದದ್ದು: ಗುಡಿಸುವುದು, ನೀರು ತುಂಬುವುದು, ಚಹಾ, ಬಾಗಿಲು ಕಾಯುವುದು, ಖಾಲಿ ಚೀಟಿ ಬಂದವರಿಗೆ ಬಿಡುವು, ಆಮೇಲೆ ಹಿತ್ತಲು. ಕಕ್ಕಸು ಅಂತ ಬರೆದರೆ ಶ್ರಮಕ್ಕೆ ಅವಮಾನ ಅಂತ ವಾದ ಮಾಡಿ ಹಿತ್ತಲು ಅಂತ ಬರೆಸಿದವನು ಪ್ರೂಫ್ ನೋಡುವವನು, ಎಲ್ಲರ ಬಾಯಲ್ಲಿ ‘ಕಾಗುಣಿತ’. ಹೆಸರು ಏನಾದರೇನು, ಅಂಗಳಕ್ಕೆ ಇಳಿಯುವ ಮೆಟ್ಟಿಲು ಕಡಿದು, ಕಲ್ಲು ನುಣುಪು, ಎರಡು ಬಕೆಟ್ ನೀರು ಎರಡು ಕೈಯಲ್ಲಿ. ಹೋದ ಗುರುವಾರ ಬೈಂಡರ್ ದೊಡ್ಡಕ್ಕನನ್ನು ಅಲ್ಲಿ ನೋಡಿದ. ಮುಂದಕ್ಕೆ ಇಳಿದರೆ ಮೊಣಕಾಲು ಮಡಚುವುದಿಲ್ಲ ಅಂತ ಅವಳು ಹಿಮ್ಮುಖವಾಗಿ ಇಳಿಯುತ್ತಿದ್ದಳು. ಒಂದು ಮೆಟ್ಟಿಲು ಇಳಿದು, ಮೇಲಿನ ಮೆಟ್ಟಿಲಲ್ಲಿದ್ದ ಬಕೆಟ್ಟನ್ನು ತನ್ನ ಕಡೆ ಎಳೆದುಕೊಂಡು, ಗೋಡೆಗೆ ಹಣೆ ಒತ್ತಿ ಉಸಿರು ತೆಗೆದುಕೊಂಡು, ಮತ್ತೊಂದು ಮೆಟ್ಟಿಲು. ಅವನು ಹೋಗಿ ಬಕೆಟ್ ಹಿಡಿಯಬಹುದಿತ್ತು. ಬಾಗಿಲ ಮರೆಯಲ್ಲಿ ನಿಂತು, ಅವಳು ಕೆಳಗೆ ಮುಟ್ಟುವತನಕ ಕಾದು, ಸದ್ದಾಗದ ಹಾಗೆ ವಾಪಸು ಬಂದ.

ಈಗ ಕಟಿಂಗ್ ಮೆಷಿನ್ನಿನ ಮುಂದೆ ನಿಂತಾಗಲೂ ಅದೇ ಹಣೆ, ಅದೇ ಗೋಡೆ. ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಮೇಜಿನ ಮೇಲೆ ಈ ವಾರದ ಕೆಲಸ, ಒಂದು ಪುಸ್ತಿಕೆಯ ಐದು ಸಾವಿರ ಪ್ರತಿ, ಮಡಿಸಿ ಹೊಲಿಯಬೇಕು. ‘ವರ್ಗಗಳಿಲ್ಲದ ಸಮಾಜದಲ್ಲಿ ಗುಂಪುಗಳು ಉಳಿಯುವವೇ?’ ಅಂತ ಹೆಸರು. ಬರೆದವನು ಕಾಗುಣಿತನೇ. ಉತ್ತರ ಮೂವತ್ತೊಂದನೆಯ ಪುಟದಲ್ಲಿದೆ: ಉಳಿಯುವುದಿಲ್ಲ. ಆಸ್ತಿ ಹೋದಲ್ಲಿ ಮೇಲು ಕೀಳು ಹೋಗುತ್ತದೆ, ಮೇಲು ಕೀಳು ಹೋದಲ್ಲಿ ಒಳಗಿನವರು ಹೊರಗಿನವರು ಅನ್ನುವುದು ಹೋಗುತ್ತದೆ, ಬಿಸಿಲಿಗೆ ಇಬ್ಬನಿ ಹೋದ ಹಾಗೆ. ಮಡಿಸುವಾಗ ಆ ಪುಟ ಸರಿಯಾಗಿ ಹೆಬ್ಬೆರಳಿನ ಕೆಳಗೆ ಬರುತ್ತದೆ. ಶನಿವಾರ ಇಡೀ ದಿನ ಬೈಂಡರ್ ಉಳಿಯುವುದಿಲ್ಲ, ಉಳಿಯುವುದಿಲ್ಲ, ಉಳಿಯುವುದಿಲ್ಲ ಅಂತ ಒತ್ತುತ್ತ ಕೂತಿದ್ದ. ಸಂಜೆಗೆ ಹೆಬ್ಬೆರಳು ಮಸಿಯಿಂದ ಕಪ್ಪಾಗಿತ್ತು. ಕಾಗುಣಿತ ಒಳ್ಳೆಯವನೇ ಪಾಪ, ಸುಳ್ಳು ಬರೆಯುವ ಆಸಾಮಿ ಅಲ್ಲ. ಕಿಟಕಿಯ ಹತ್ತಿರ ಕೂತು ಬರೆದದ್ದು, ಅಲ್ಲಿಂದ ನೋಡಿದರೆ ಹಾಗೆಯೇ ಕಾಣುತ್ತದೆ.

ಕಿಟಕಿ ಅಂದರೆ ಮುದ್ರಣಾಲಯದಲ್ಲಿ ಒಂದೇ. ಮಿಕ್ಕವು ಕಾಗದಕ್ಕೆ ಗಾಳಿ ತಾಗಬಾರದು ಅಂತ ಮೊಳೆ ಹೊಡೆದು ಮುಚ್ಚಿದವು. ಆ ಒಂದು ಕಿಟಕಿಯ ಕೆಳಗೆ ಉದ್ದನೆಯ ಹಲಗೆ, ಏಳು ಜನ ಹಿಡಿಸುತ್ತಾರೆ. ಯಾರು ಬೇಕಾದರೂ ಕೂರಬಹುದು, ಹೆಸರು ಬರೆದಿಲ್ಲ, ಬರೆದರೆ ಅದು ನಿಯಮಕ್ಕೆ ವಿರುದ್ಧ. ಆದರೂ ಚಹಾದ ಹೊತ್ತಿಗೆ ಅಲ್ಲಿ ಯಾವತ್ತೂ ಅದೇ ಜನ: ದೊಡ್ಡ ಮೆಷಿನ್ ಓಡಿಸುವ ಮೆಷಿನ್ ಮಾವ, ಕಾಗುಣಿತ, ಅಚ್ಚಿನ ಮೊಳೆ ಜೋಡಿಸುವವರು, ಬ್ಲಾಕ್ ಕೆತ್ತುವವನು. ಯಾರೂ ಯಾರನ್ನೂ ಏಳಿ ಅಂದದ್ದಿಲ್ಲ. ಬೇರೆಯವರು ಬಂದು ಕೂತರೆ ಮಾತು ನಿಲ್ಲುತ್ತದೆ, ಅಷ್ಟೇ. ಚಹಾ ಬೇಗಬೇಗ ಖಾಲಿಯಾಗುತ್ತದೆ, ಒಬ್ಬೊಬ್ಬರೇ ಎದ್ದು ಹೋಗುತ್ತಾರೆ, ಬಂದವನು ಏಳು ಜನರ ಹಲಗೆಯ ಮೇಲೆ ಒಬ್ಬನೇ ಉಳಿದು ಲೋಟ ನೋಡಿಕೊಳ್ಳುತ್ತಾನೆ. ಬೈಂಡರನಿಗೂ ಎರಡು ಸಲ ಹಾಗಾಗಿತ್ತು. ಆಮೇಲೆ ಒಂಬತ್ತು ವರ್ಷ ಅವನು ಕಟಿಂಗ್ ಮೆಷಿನ್ನಿಗೆ ಒರಗಿ ನಿಂತೇ ಕುಡಿದ. ಅವರು ನಗುವಾಗ ಯಾಕೆ ನಗುತ್ತಾರೆ ಅಂತ ಕಿವಿಗೊಟ್ಟು, ಅರ್ಥವಾಗದಿದ್ದರೂ ತಾನೂ ಸ್ವಲ್ಪ ಹಲ್ಲು ಬಿಟ್ಟು, ಯಾರಾದರೂ ನೋಡಿದರೋ ಅಂತ ಸುತ್ತ ನೋಡಿ ನಾಚಿಕೊಳ್ಳುತ್ತಿದ್ದ. ನಲವತ್ತು ದಾಟಿದ ಗಂಡಸು, ಮಗಳು ಶಾಲೆಗೆ ಹೋಗುತ್ತಾಳೆ. ಛೀ, ಅದನ್ನೆಲ್ಲ ಯಾಕೆ ನೆನೆಸಿಕೊಳ್ಳಬೇಕು.

ಆರು ವರ್ಷದ ಹಿಂದೆ ಒಂದು ಸೋಮವಾರ ಚೀಟಿಗಳಲ್ಲಿ ಒಂದು ತಪ್ಪಿ ಅಡ್ಡ ಎಳೆಗೆ ಕತ್ತರಿಸಿಹೋಯಿತು. ಕಾಗದಕ್ಕೂ ಮರದ ಹಾಗೆ ಎಳೆ ಇರುತ್ತದೆ. ಎಳೆಯ ಗುಂಟ ಮಡಿಸಿದರೆ ಸುಮ್ಮನೆ ಮಲಗುತ್ತದೆ, ಅಡ್ಡಕ್ಕೆ ಮಡಿಸಿದರೆ ಬೆನ್ನು ಎತ್ತುತ್ತದೆ, ಉಗುರಿನಷ್ಟು ಬಾಯಿ ತೆರೆಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಾಗದ ಬಲ್ಲ ಬೆರಳಿಗೆ ಕತ್ತಲಲ್ಲೂ ಗೊತ್ತಾಗುತ್ತದೆ. ಆವತ್ತು ಬೆನ್ನೆತ್ತಿದ ಚೀಟಿ ಹಿತ್ತಲಿನದು. ಬರೆದವನು ತಾನೇ ಆದ್ದರಿಂದ ಅವನಿಗೆ ಗೊತ್ತಿತ್ತು. ಚೀಟಿಯ ಡಬ್ಬ ಆವತ್ತು ಕಿಟಕಿಯ ಕಡೆಯಿಂದ ಸುತ್ತ ಬಂದಾಗ ಮೆಷಿನ್ ಮಾವನ ಕೈ ಒಳಗೆ ಹೋಯಿತು, ನಿಂತಿತು, ಸರಿದು ಬೇರೆ ಚೀಟಿ ಎತ್ತಿತು. ಆಮೇಲೆ, ಹಿತ್ತಲು ಮೂಟೆ ಹೊರುವವನ ಕೈಯಲ್ಲಿ ಬಿಚ್ಚಿಕೊಂಡಾಗ, ಮಾವ ತಲೆಯೆತ್ತಿ ಬೈಂಡರನನ್ನು ನೋಡಿ ಮೀಸೆಯ ಮರೆಯಲ್ಲಿ ಒಂದು ಚೂರು ನಕ್ಕ. ಅಷ್ಟೇ. ಚಹಾದ ಹೊತ್ತಿಗೆ, “ಬಾರಯ್ಯಾ ಇಲ್ಲಿ, ಆ ಕಬ್ಬಿಣಕ್ಕೆ ಯಾಕೆ ಅಂಟ್ಕೊಂಡಿದ್ದೀಯ, ಇಲ್ಲಿ ಗಾಳಿ ಇದೆ,” ಅಂತ ಕರೆದ. ಹಲಗೆಯ ಮೇಲೆ ಜಾಗ ಆಯಿತು. ಮಾತು ನಿಲ್ಲಲಿಲ್ಲ. ಬೈಂಡರ್ ಒಂದು ತಮಾಷೆ ಹೇಳಿದ, ಅದೇನೋ ಅಂಟಿನ ಡಬ್ಬಿಗೆ ಬೆಕ್ಕು ಬಿದ್ದ ಕಥೆ, ಎಲ್ಲರೂ ನಕ್ಕರು. ಆ ರಾತ್ರಿ ಊಟ ಮಾಡುವಾಗ ಅವನಿಗೆ ಎರಡು ತುತ್ತು ಹೆಚ್ಚು ಸೇರಿತು. ಮುಂದಿನ ಸೋಮವಾರ ಕಾಗದವನ್ನು ಅಡ್ಡ ತಿರುಗಿಸಿದ್ದು ಬೆರಳೇ ಹೊರತು ತಾನಲ್ಲ ಅಂತ ಅವನು ಬಹಳ ದಿನ ನಂಬಿಕೊಂಡಿದ್ದ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಕಣ್ಣು ಮಿಟುಕಿಸಿದ್ದೂ ಇಲ್ಲ. ಕಿಟಕಿಯ ಏಳೂ ಜನರಿಗೆ ಕಾಗದ ಗೊತ್ತು. ಮೂಟೆ ಹೊರುವವನಿಗೆ, ಕಟ್ಟು ಕಟ್ಟುವ ಹೆಂಗಸರಿಗೆ ಗೊತ್ತಿಲ್ಲ. ದೊಡ್ಡಕ್ಕನಿಗಂತೂ ಮೂವತ್ತೈದು ವರ್ಷ ಸೀಮೆಎಣ್ಣೆಯಲ್ಲಿ ಮಸಿಯ ರೋಲರ್ ತೊಳೆದು ತೊಳೆದು ಬೆರಳ ತುದಿ ಸತ್ತೇಹೋಗಿತ್ತು, ಬಿಸಿ ಲೋಟ ಹಿಡಿದರೂ ತಿಳಿಯುತ್ತಿರಲಿಲ್ಲ. ಅದರ ಮೇಲೆ ಒಂದು ಮರ್ಯಾದೆ ಬೇರೆ: ಎಲ್ಲರಿಗಿಂತ ಹಿರಿಯಳು ಅಂತ ಡಬ್ಬ ಮೊದಲು ಅವಳ ಮುಂದೆ. ಬೆನ್ನೆತ್ತಿದ ಚೀಟಿ ಮೇಲೆಯೇ ಕೂತಿರುತ್ತದಲ್ಲ, ಕೈ ಹಾಕಿದರೆ ಮೊದಲು ಸಿಗುವುದು ಅದೇ. ಇದನ್ನು ಬೈಂಡರ್ ಯೋಚಿಸಿ ಮಾಡಿದ್ದಲ್ಲ. ಆದರೆ ಆರು ವರ್ಷ ನೋಡಿಯೂ ನಿಲ್ಲಿಸಲಿಲ್ಲ.

ಇವತ್ತು ಅವನು ಕಾಗದ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಎಳೆ ನೋಡಿ, ಹತ್ತೊಂಬತ್ತನ್ನೂ ಉದ್ದಕ್ಕೇ ಕತ್ತರಿಸಿದ. ಇಷ್ಟೇ ತಾನೇ ಕೆಲಸ? ಅರ್ಧ ನಿಮಿಷ. ಈ ಅರ್ಧ ನಿಮಿಷಕ್ಕೆ ಆರು ವರ್ಷ ಬೇಕಾಯಿತಲ್ಲ ಅಂತ ತನ್ನ ಮೇಲೆಯೇ ಹೇಸಿಗೆಯಾಯಿತು. ಒಂದೊಂದನ್ನೂ ಮಡಿಸಿ, ಮಡಿಕೆ ಉಜ್ಜುವ ಮೂಳೆಯ ಪಟ್ಟಿಯಿಂದ ಒತ್ತಿ ಡಬ್ಬಕ್ಕೆ ಹಾಕಿದ. ಎಲ್ಲವೂ ಒಂದೇ ಥರ ಮಲಗಿದವು. ಇನ್ನು ಯಾರಿಗೆ ಬರುತ್ತದೋ ಅವರಿಗೆ ಬರಲಿ, ತನಗೇ ಬಂದರೂ ಬರಲಿ, ಮೂಗು ಮುಚ್ಚಿಕೊಂಡು ತೊಳೆದರಾಯಿತು. ಆದರೆ ದೊಡ್ಡಕ್ಕನಿಗೇ ಬಂದರೆ? ನೆಟ್ಟಗೆ ಕತ್ತರಿಸಿಯೂ ಅವಳಿಗೇ ಬಂದರೆ? ಆಗ ಅವಳು ಒಲ್ಲೆ ಅನ್ನುತ್ತಾಳೆ, ಕಾರ್ಡು ಇಟ್ಟು ಹೋಗುತ್ತಾಳೆ, ತಾನು ಎದ್ದು ಎಲ್ಲರ ಮುಂದೆ ಹೇಳಲೇಬೇಕಾಗುತ್ತದೆ. ಹೇಳುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿದ.

ಹತ್ತಕ್ಕೆ ಚಾಪೆ ಹಾಸಿ ಎಲ್ಲರೂ ದುಂಡಗೆ ಕೂತರು. ದುಂಡಗೆ ಅಂದರೆ ದುಂಡಗೇ, ಆದಿಯಿಲ್ಲ ಕೊನೆಯಿಲ್ಲ ಅಂತ ನಿಯಮದ ಮೊದಲ ಸಾಲಿನಲ್ಲಿದೆ. ಆದರೂ ಕಿಟಕಿಯ ಕಡೆಯ ಚಾಪೆ ಹೊಸದು, ಬಾಗಿಲ ಕಡೆಯದು ಹರಕಲು. ಕಾಗುಣಿತ ಹೋದ ವಾರದ ವರದಿ ಓದಿದ. ಓದಿ ಮುಗಿಸುವ ಮುಂಚೆಯೇ ದೊಡ್ಡಕ್ಕ ಕೈಯೆತ್ತಿದಳು. “ನಾನು ಹೆಚ್ಚು ಮಾತಾಡೋಳಲ್ಲ. ಈ ಸಲಾನೂ ನನಗೇ ಬಂದ್ರೆ ನನ್ನ ಕೈಲಾಗಲ್ಲ ಅಂತ ಮೊದಲೇ ಹೇಳ್ತಿದ್ದೀನಿ. ಒಂದು ಸರದಿ ಪಟ್ಟಿ ಮಾಡಿ ಅಂತ ಆವತ್ತಿಂದ ಬೇಡ್ಕೋತಿದ್ದೀನಿ.” ಕಾಗುಣಿತ ಕನ್ನಡಕ ತೆಗೆದು ಒರೆಸಿದ. “ಅಕ್ಕಾ, ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಪಟ್ಟಿ ಅಂದ್ರೆ ಅದನ್ನ ಒಬ್ಬ ಬರೀಬೇಕು. ಬರೆಯೋನು ನಾಳೆ ಮಾಲೀಕ ಆಗ್ತಾನೆ. ಚೀಟಿಗೆ ಮುಖ ನೋಡೋಕೆ ಬರಲ್ಲ, ಅದೇ ಅದರ ದೊಡ್ಡತನ.” ಮೆಷಿನ್ ಮಾವ ಹೂಂ ಅಂದ. ಕಿಟಕಿಯ ಕಡೆ ಏಳು ತಲೆ ಆಡಿದವು, ಅದರಲ್ಲಿ ಒಂದು ಬೈಂಡರನದೇ. ಅಭ್ಯಾಸಬಲ. ಆಡಿಸಿದ ಮೇಲೆ ಕುತ್ತಿಗೆ ಬಿಸಿಯಾಯಿತು.

ಡಬ್ಬ ದೊಡ್ಡಕ್ಕನ ಮುಂದೆ ಹೋಯಿತು. ಅವಳು ಕಣ್ಣು ಮುಚ್ಚಿ ಕೈ ಹಾಕಿದಳು. ಬಿಚ್ಚಿ, ದೂರಕ್ಕೆ ಹಿಡಿದು, ಹತ್ತಿರಕ್ಕೆ ತಂದು, ಪಕ್ಕದ ಕಟ್ಟು ಕಟ್ಟುವವಳಿಗೆ ತೋರಿಸಿದಳು. “ಏನೂ ಇಲ್ಲ ಅಕ್ಕಾ, ಖಾಲಿ!” ಅಂದಳು ಅವಳು. “ಈ ವಾರ ನಿನಗೆ ಬಿಡುವು!” ದೊಡ್ಡಕ್ಕ ಆ ಖಾಲಿ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಸದ್ಯ, ಬದುಕಿದೆ ಅನ್ನಿಸಿತು ಬೈಂಡರನಿಗೆ. ಅವಳು ಬದುಕಿದಳು ಅಂತಲೋ ತಾನು ಬದುಕಿದೆ ಅಂತಲೋ, ಅದನ್ನು ಬಿಡಿಸಿ ನೋಡುವ ಧೈರ್ಯ ಆಗಲಿಲ್ಲ. ಡಬ್ಬ ಬಾಗಿಲ ಕಡೆಯವರನ್ನೆಲ್ಲ ದಾಟಿ ಕಿಟಕಿಯ ಕಡೆ ಬಂತು. ಹಿತ್ತಲು ಇನ್ನೂ ಒಳಗೇ ಇತ್ತು. ಮೆಷಿನ್ ಮಾವ ಎಂದಿನ ಹಾಗೆ ಎಲ್ಲೋ ನೋಡುತ್ತ ಕೈ ಹಾಕಿದ. ಕೈ ಒಳಗೇ ಉಳಿಯಿತು. ಬೆರಳು ಹುಡುಕುತ್ತಿರುವುದು ತಗಡಿನ ಮೇಲಿಂದಲೇ ಬೈಂಡರನಿಗೆ ಕೇಳಿಸಿತು. ಇದಲ್ಲ, ಇದೂ ಅಲ್ಲ, ಎಲ್ಲಿ ಹೋಯಿತು? ಮಾವ ನಿಧಾನಕ್ಕೆ ಮುಖ ತಿರುಗಿಸಿ ಬೈಂಡರನನ್ನು ನೋಡಿದ. ಸಿಟ್ಟಲ್ಲ ಅದು. ಮನೆಯ ಬೀಗಕ್ಕೆ ತನ್ನದೇ ಕೀಲಿ ಹತ್ತದೆ ಇದ್ದಾಗ ಮನುಷ್ಯ ನೋಡುತ್ತಾನಲ್ಲ, ಹಾಗೆ. “ಬೇಗ ಎತ್ತೋ ಮಾವ, ಮದುವೆ ಹೆಣ್ಣು ಆರಿಸ್ತಿದ್ದೀಯಾ?” ಅಂತ ಬಾಗಿಲ ಕಡೆಯಿಂದ ಮೂಟೆ ಹೊರುವವನು ಕೂಗಿದ. ಎಲ್ಲ ನಕ್ಕರು. ಮಾವ ಒಂದನ್ನು ಎತ್ತಿದ, ಬಿಚ್ಚಿದ, ಮತ್ತೆ ಮಡಿಚಿದ. ತೊಡೆಯ ಕೆಳಗೆ ಸೇರಿಸಿಕೊಳ್ಳುವ ಹೊತ್ತಿಗೆ ಪಕ್ಕದವನು ಹಿತ್ತಲು ಅಂತ ಓದಿಬಿಟ್ಟಿದ್ದ.

ಹತ್ತೊಂಬತ್ತು ಜನರಲ್ಲಿ ಮೆಷಿನ್ ಮಾವನನ್ನು ಬಕೆಟ್ಟಿನ ಜೊತೆ ಊಹಿಸಿಕೊಳ್ಳಲು ಒಬ್ಬರಿಗೂ ಆಗಲಿಲ್ಲ, ಮೂಟೆ ಹೊರುವವನಿಗೂ ಆಗಲಿಲ್ಲ, ಅವನ ನಗು ಅರ್ಧಕ್ಕೇ ನಿಂತಿತ್ತು. ಮಾವನ ಇಸ್ತ್ರಿ ಮಾಡಿದ ಅಂಗಿ, ಬಿಳಿ ಮೀಸೆ, ದೊಡ್ಡ ಮೆಷಿನ್ನು ಕೆಟ್ಟಾಗ ಕಿವಿಯಿಟ್ಟು ಕೇಳಿ ರೋಗ ಹೇಳುವ ಆ ತಲೆ. ದೊಡ್ಡಕ್ಕನೇ ಮೊದಲು, “ಅಯ್ಯೋ, ಮಾವನಿಗಾ?” ಅಂದಳು. ಅವಳ ದನಿಯಲ್ಲಿ ನಿಜವಾಗಿಯೂ ಮರುಕ ಇತ್ತು. ಆಗ ಕಾಗುಣಿತ ಗಂಟಲು ಸರಿಮಾಡಿಕೊಂಡ. “ನನಗೆ ಒಂದು ವಿಚಾರ ಬಹಳ ದಿನದಿಂದ ಕೊರೀತಿತ್ತು. ಚೀಟಿ ಅನ್ನೋದು ಒಂದು ರೀತಿ ಕುರುಡು ನಂಬಿಕೆ ಅಲ್ವಾ? ಅದೃಷ್ಟಕ್ಕೆ ಬಿಡೋದು ಅಂದ್ರೆ ಏನರ್ಥ? ದೊಡ್ಡ ಮೆಷಿನ್ನು ಒಂದು ಗಂಟೆ ನಿಂತ್ರೆ ನಷ್ಟ ಯಾರಿಗೆ? ಎಲ್ಲರಿಗೂ. ದೊಡ್ಡಕ್ಕನ ಮೊಣಕಾಲಿನ ವಿಷಯವೂ ಇದೆ, ಅದನ್ನ ನಾವು ಇಷ್ಟು ದಿನ ಗಂಭೀರವಾಗಿ ತಗೊಳ್ಳಲಿಲ್ಲ, ತಪ್ಪು ನಮ್ಮದೇ.” ಅವನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದ, ಕಣ್ಣು ಒದ್ದೆಯಾಗಿತ್ತು. ಹಿತ್ತಲಿನ ಕೆಲಸಕ್ಕೆ ಹೊರಗಿನಿಂದ ಒಬ್ಬರನ್ನು ತಾತ್ಕಾಲಿಕ ಸಹಾಯಕ್ಕೆ ತೆಗೆದುಕೊಳ್ಳೋಣ, ಸದಸ್ಯತ್ವ ಸದ್ಯಕ್ಕೆ ಬೇಡ, ಅರ್ಧ ಕಾರ್ಡು ಸಾಕು, ಮುಂದೆ ನೋಡೋಣ. ಹತ್ತು ನಿಮಿಷವೂ ಆಗಲಿಲ್ಲ. ಹದಿನೈದು ವರ್ಷದ ಪದ್ಧತಿ ಮಧ್ಯಾಹ್ನದ ಮೊದಲೇ ಹಳೆಯದಾಯಿತು.

“ಹೊರಗಿನೋರು ಯಾಕೆ?” ಅಂದಳು ದೊಡ್ಡಕ್ಕ. ಮುಖ ಅರಳಿತ್ತು. “ನನ್ನ ಸೊಸೆ ಇದ್ದಾಳಲ್ಲ ಮನೇಲಿ. ಗಟ್ಟಿ ಹುಡುಗಿ, ಸೋಂಬೇರಿ ಅಲ್ಲ. ನನ್ನ ಕಾರ್ಡಲ್ಲೇ ಇಬ್ಬರೂ ತಿನ್ನೋದು ಈಗ. ಅರ್ಧ ಕಾರ್ಡು ಅವಳಿಗೆ ಸಿಕ್ಕಿದ್ರೆ ನಿಮಗೆಲ್ಲ ಪುಣ್ಯ ಬರುತ್ತೆ.” ಭೇಷ್ ಭೇಷ್ ಅಂದರು. ಕಟ್ಟು ಕಟ್ಟುವವಳು ದೊಡ್ಡಕ್ಕನ ಬೆನ್ನು ತಟ್ಟಿದಳು. ಬೈಂಡರ್ ಎದ್ದು ನಿಂತ. ಯಾಕೆ ಎದ್ದೆ ಅಂತ ಅವನಿಗೇ ಗೊತ್ತಾಗಲಿಲ್ಲ, ಕೂತಿರಲು ಆಗಲಿಲ್ಲ ಅಷ್ಟೇ. “ಒಂದು ಮಾತು,” ಅಂದ. ದನಿ ಕೀರಲಾಗಿ ಬಂತು. “ಆರು ವರ್ಷ ಚೀಟಿ ಕತ್ತರಿಸಿದ್ದು ನಾನು. ಅಕ್ಕನಿಗೆ ಬಂದದ್ದು ಅದೃಷ್ಟ ಅಲ್ಲ. ಹಿತ್ತಲಿನ ಚೀಟಿ ಬೇರೆ ಥರ ಇರ್ತಿತ್ತು. ಕಾಗದ ಗೊತ್ತಿದ್ದೋರಿಗೆ ಅದು...” ಮೆಷಿನ್ ಮಾವ ಕೆಮ್ಮಿದ. “ಇದು ಇವತ್ತಿನ ವಿಷಯಪಟ್ಟಿಯಲ್ಲಿ ಇಲ್ಲ,” ಅಂದ ಕಾಗುಣಿತ, ಕಾಗದ ತಿರುವುತ್ತ. ಬೈಂಡರ್ ಅವರಿಬ್ಬರನ್ನೂ ನೋಡಲಿಲ್ಲ, ದೊಡ್ಡಕ್ಕನನ್ನೇ ನೋಡಿದ. ಅವಳು ಮೊದಲು ಅರ್ಥವಾಗದವಳ ಹಾಗೆ ಹುಬ್ಬು ಗಂಟಿಕ್ಕಿದಳು. ಆಮೇಲೆ ಅರ್ಥವಾಯಿತು. ಅರ್ಥವಾದದ್ದು ಅವನಿಗೆ ಕಂಡಿತು, ಅವಳ ಕೈ ತಾನಾಗಿ ಮೊಣಕಾಲಿನ ಮೇಲೆ ಹೋಯಿತು. ಬೈಯಲಿ, ಎದ್ದು ಬಂದು ಹೊಡೆಯಲಿ, ಅಂತ ಅವನು ಕಾದ. ಬೇಕಾಗಿತ್ತು ಅವನಿಗೆ ಅದು, ಹಸಿದವನಿಗೆ ಅನ್ನ ಬೇಕಾದ ಹಾಗೆ ಬೇಕಾಗಿತ್ತು.

“ಕೂತ್ಕೋ ತಮ್ಮಾ,” ಅಂದಳು ಅವಳು ಮೆಲ್ಲಗೆ. “ಈಗ ಅದನ್ನೆಲ್ಲ ಕೆದಕಿದ್ರೆ ಜಗಳ ಆಗುತ್ತೆ, ಜಗಳ ಆದ್ರೆ ಇವತ್ತಿನ ತೀರ್ಮಾನ ನಿಂತುಹೋಗುತ್ತೆ. ನನ್ನ ಸೊಸೆ ಬಾಯಿಗೆ ಮಣ್ಣು ಹಾಕ್ಬೇಡ. ನಿನ್ನ ಮನಸ್ಸು ಹಗುರ ಆಗ್ಬೇಕು ಅಂತ ನಾವು ಉಪವಾಸ ಇರೋಕಾಗುತ್ತಾ?” ಅವನು ಕೂತ. ಒಪ್ಪಿದವರು ಕೈಯೆತ್ತಿ ಅಂದ ಕಾಗುಣಿತ. ಹದಿನೆಂಟು ಕೈ ಎದ್ದವು, ಮಾವನದು ಎಲ್ಲಕ್ಕಿಂತ ಎತ್ತರ. ದೊಡ್ಡಕ್ಕ ತನ್ನ ಕೈಯೆತ್ತಿಕೊಂಡೇ ಬೈಂಡರನನ್ನು ನೋಡುತ್ತಿದ್ದಳು. ಅವನೂ ಎತ್ತಿದ.

ಚಹಾದ ಹೊತ್ತಿಗೆ ಹಲಗೆಯ ಮೇಲೆ ಅವನು ಕೂರುವ ಜಾಗದಲ್ಲಿ ಅಚ್ಚಿನ ಮೊಳೆಗಳ ತಟ್ಟೆ ಇತ್ತು. ಯಾರೋ ಮರೆತು ಇಟ್ಟದ್ದಿರಬಹುದು. ಎತ್ತಿ ಕೆಳಗಿಡಬಹುದಿತ್ತು. “ಕೈ ತಪ್ಪೋಕೆ ಶುರುವಾಯ್ತೇನಯ್ಯಾ? ವಯಸ್ಸಾಯ್ತು ನಮಗೆಲ್ಲ,” ಅಂದ ಮಾವ, ಬಹಳ ವಿಶ್ವಾಸದಿಂದ, ತಟ್ಟೆಯ ಕಡೆ ನೋಡದೆ. ಮಾತು ನಿಂತಿತು. ಬೈಂಡರ್ ಲೋಟ ಹಿಡಿದುಕೊಂಡು ಹೊರಗೆ ಬಂದ. ಪಡಸಾಲೆಯಲ್ಲಿ ದೊಡ್ಡಕ್ಕ ಕುಕ್ಕುರುಗಾಲಲ್ಲಿ ಕೂರಲಾಗದೆ ಕಾಲು ಚಾಚಿಕೊಂಡು ರೋಲರ್ ತೊಳೆಯುತ್ತಿದ್ದಳು. ಅವನು ಹತ್ತಿರ ನಿಂತ. “ಅಕ್ಕಾ,” ಅಂದ. ಅವಳು ತಲೆಯೆತ್ತಲಿಲ್ಲ. ಚಿಂದಿಯನ್ನು ಎಣ್ಣೆಗೆ ಅದ್ದಿ ಹಿಂಡುತ್ತ, “ಎಷ್ಟು ಮೆಟ್ಟಿಲು ಗೊತ್ತಾ ಅಲ್ಲಿ?” ಅಂತ ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. “ಇಪ್ಪತ್ತೆರಡು,” ಅಂದಳು. ಮುಂದಿನ ರೋಲರನ್ನು ತನ್ನ ಕಡೆ ಎಳೆದುಕೊಂಡಳು. ಅವನು ಒಳಗೆ ಹೋಗಿ ಐನೂರು ಪ್ರತಿ ಮಡಿಸಿದ. ಹೆಬ್ಬೆರಳು ತನ್ನ ಪಾಡಿಗೆ ಕೆಲಸ ಮಾಡಿತು. ಅವನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ, ನಿದ್ದೆ ಬಂದ ಹಾಗಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಸೊಸೆ ಬಂದಳು. ಇಪ್ಪತ್ತೈದಿರಬಹುದು, ಒಗೆದು ಒಗೆದು ತೆಳ್ಳಗಾದ ಸೀರೆ, ಮೊಣಕೈವರೆಗೆ ಮಡಿಸಿದ ರವಿಕೆ, ತುಂಬ ಹೊತ್ತು ಕನ್ನಡಿ ಮುಂದೆ ನಿಂತು ಬಾಚಿದ ತಲೆ. ಮೊದಲ ದಿನದ ಕೆಲಸಕ್ಕೆ ಅಂತ ಚೆನ್ನಾಗಿ ಕಾಣಬೇಕು ಅನ್ನಿಸಿರಬೇಕು ಪಾಪ. ಅತ್ತೆ ಅವಳನ್ನು ಬಾಗಿಲಲ್ಲಿ ಬಿಟ್ಟು ತನ್ನ ರೋಲರಿಗೆ ಹೋದಳು. ಸೊಸೆ ಎರಡು ಗಂಟೆ ಒಂದೇ ಸಮನೆ ಮೆಟ್ಟಿಲು ಹತ್ತಿ ಇಳಿದಳು. ಬಕೆಟ್ಟಿನ ಸದ್ದು, ಪೊರಕೆಯ ಸದ್ದು. ಹನ್ನೊಂದಕ್ಕೆ ಕೈಕಾಲು ತೊಳೆದುಕೊಂಡು ಮೇಲೆ ಬಂದಳು. ಚಹಾದ ಹೊತ್ತು. ಕಿಟಕಿಯ ಕಡೆ ನಗು, ಬಾಗಿಲ ಕಡೆ ಲೋಟಗಳ ಸದ್ದು. ಎಲ್ಲರಿಗೂ ಅವಳು ಬಂದದ್ದು ಕಂಡಿತು, ಯಾರಿಗೂ ಕಾಣಲಿಲ್ಲ. ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುತ್ತ ನೋಡಿ, ಒಂಟಿಯಾಗಿ ಕಟಿಂಗ್ ಮೆಷಿನ್ನಿಗೆ ಒರಗಿ ನಿಂತಿದ್ದ ಬೈಂಡರನ ಹತ್ತಿರ ಬಂದಳು.

“ಯಜಮಾನ್ರೇ,” ಅಂದಳು.

ಆ ಕಟ್ಟಡದಲ್ಲಿ ಹದಿನೈದು ವರ್ಷದಿಂದ ಯಾರೂ ಯಾರಿಗೂ ಆಡದ ಮಾತು ಅದು. ಇಲ್ಲಿ ಯಜಮಾನ ಅಂತ ಯಾರೂ ಇಲ್ಲಮ್ಮ, ಅಣ್ಣಾ ಅನ್ನು ಸಾಕು, ಅಂತ ಹೇಳಬೇಕಾದ್ದು ಅವನ ಧರ್ಮ. ಹೇಳಲು ಬಾಯಿ ತೆರೆದ. ಆದರೆ ಆ ಮಾತು ಕಿವಿಯಿಂದ ಕೆಳಗೆ ಇಳಿದು, ಎದೆಯ ಹತ್ತಿರ ಎಲ್ಲೋ ಕೂತು, ಬೆಚ್ಚಗೆ ಮಾಡಿತು. ನಿನ್ನೆಯಿಂದ ತಣ್ಣಗಾಗಿದ್ದ ಮೈ ಅದು. ಅವನಿಗೆ ಹಿತವಾಯಿತು. ಹಿತವಾದದ್ದು ಗೊತ್ತಾಗಿ ನಾಚಿಕೆಯಾಯಿತು, ನಾಚಿಕೆಯಾದ ಮೇಲೂ ಹಿತವಾಗಿಯೇ ಇತ್ತು.

“ನಾನು ಎಲ್ಲಿ ಕೂತ್ಕೊಳ್ಳಲಿ ಯಜಮಾನ್ರೇ?” ಅಂತ ಅವಳು ಕೇಳಿದಳು.

ಎಲ್ಲಿ ಬೇಕಾದರೂ ಕೂರಮ್ಮ ಅಂತ ನಿಯಮದಲ್ಲಿದೆ. ಪಕ್ಕದಲ್ಲೇ ಕಾಗದದ ಕಟ್ಟು ಇತ್ತು, ಇಬ್ಬರು ಕೂರಬಹುದಾದಷ್ಟು ಅಗಲ. ಬೈಂಡರ್ ಅವಳ ಮುಖ ನೋಡಲಿಲ್ಲ.

“ಅಲ್ಲಿ ಹೊರಗೆ,” ಅಂದ, “ನಲ್ಲಿ ಹತ್ರ ನೆರಳಿದೆ ನೋಡು.”

ಅವಳು ಆಗಲಿ ಅಂತ ತಲೆಬಾಗಿಸಿ ಹೋದಳು.